ಮೇಣದ ಗಾಂಧಿ ಹೆಗಲ ಮ್ಯಾಲ ಕೈ ಹಾಕಬೇಕೋ ಬ್ಯಾಡೋ

"ಗಾಂಧೀಜಿ ಹೆಗಲ ಮ್ಯಾಲ ಕೈ ಹಾಕ್ಕೊಂಡು ಹಲ್ಲ ಕಿಸ್ಕೊಂತ ನಿಂತೀಯಲ್ಲೋ, ಅವರೇನ್ ನಿನ್ನ ಕಾಲೇಜ್ ದೋಸ್ತೇನು?" ಅಂತ ನಮ್ಮ ಕಾಕಾ ಬೈಲಹೊಂಗಲದಾಗ ಮನಿ ಮಂದಿ ಎಲ್ಲಾರ ಮುಂದ ಕೇಳಿದ್ರು. ಅವರ ಕೈಯಾಗ ನನ್ನ ಮೊಬೈಲು, ಮೊಬೈಲ್‌ದಾಗ ಲಂಡನ್ನಿನ ಮೇಡಂ ಟುಸ್ಸಾಡ್ಸ್ ಅನ್ನೋ ಮೇಣದ ಗೊಂಬಿ ಮ್ಯೂಸಿಯಂದಾಗ ತಗದ ಫೋಟೋ. ಉಳದವರು ನಕ್ರು, ನಾನೂ ನಕ್ಕೆ, ಆದ್ರ ಮುದುಕಪ್ಪ ಕೇಳಿದ್ದು ಹುಚ್ಚ ಪ್ರಶ್ನಿ ಏನಲ್ಲ ಅಂತ ಆಮ್ಯಾಲ ಅನ್ನಿಸ್ತು. ಅದಕ್ಕ ಬರ್ಯಾಕತ್ತೀನಿ.

ನಾನು ಲಂಡನ್ನಿನಾಗ ಇರೋದರಿಂದ ಬೇಸಿಗಿ ಬಂತಂದ್ರ ಬೆಳಗಾವಿ ಕಡೆ ಮಂದಿ ಯಾರಾದ್ರೂ ಬಂದೇ ಬರ್ತಾರ, ಬಂದೋರಿಗೆ ಬಿಗ್ ಬೆನ್ ಆದ ಮ್ಯಾಲ ಮೇಣದ ಗೊಂಬಿ ತೋರ್ಸಲೇಬೇಕು. ಬೇಕರ್ ಸ್ಟ್ರೀಟ್ ಸ್ಟೇಷನ್ ಇಳದು ಮೂಲಿ ತಿರುಗಿದ್ರ ಕ್ಯೂ ಕಾಣ್ತೈತಿ. ಒಳಗ ಹೋದ್ರ ಹಗ್ಗ ಇಲ್ಲ, ಗ್ಲಾಸ್ ಇಲ್ಲ, "ಮುಟ್ಟಬ್ಯಾಡ್ರಿ" ಅನ್ನೋ ಬೋರ್ಡೂ ಕಾಣಂಗಿಲ್ಲ. ಅಲ್ಲಿಯ ಮಂದಿ ನಟಿ ಸೊಂಟಕ್ಕ ಕೈ ಹಾಕ್ತಾರ, ಪ್ರಧಾನಮಂತ್ರಿ ತಲಿ ಹಿಂದ ಎರಡು ಬೆರಳು ಎತ್ತಿ ಕೊಂಬು ಮಾಡ್ತಾರ, ಯಾರೂ ಯಾರಿಗೂ ಏನೂ ಅನ್ನಂಗಿಲ್ಲ. ನಮ್ಮವರು ಮಾತ್ರ ಮೊದಲಿಗೆ ಎರಡೂ ಕೈ ಮುಂದ ಕಟ್ಟಿಕೊಂಡು ಮದವಿ ಸ್ಟೇಜ್ ಮ್ಯಾಲ ನಿಂತಂಗ ನಿಲ್ತಾರ. ನಮ್ಮವ್ವ ಅಮಿತಾಭ್ ಬಚ್ಚನ್ ಗೊಂಬಿ ಮುಂದ ನಿಂತು "ಮುಟ್ಟಿದ್ರ ಬೈತಾರೇನೋ?" ಅಂತ ಕೇಳಿ, ಒಂದ ಬೆರಳಿಂದ ಕೋಟಿನ ತೋಳು ಮುಟ್ಟಿ ಕೈ ಹಿಂದಕ್ಕ ತಗೊಂಡ್ಲು. ಭಾರತದ ಸಿನೆಮಾ ಮಂದಿಯೊಳಗ ಅಲ್ಲಿ ಮೊದಲು ಗೊಂಬಿ ಆದೋರು ಇವರೇ, 2000ದಾಗ. ನಮ್ಮ ಕಡೆಯೋರು ಅನ್ನಾಕ ಮಂಗಳೂರಾಗ ಹುಟ್ಟಿದ ಐಶ್ವರ್ಯಾ ರೈ ಮತ್ತ ಬೆಂಗಳೂರಾಗ ಬೆಳದ ದೀಪಿಕಾ ಗೊಂಬಿನೂ ಆಮ್ಯಾಲ ಆದ್ವು, ಆದ್ರ ಅವ್ವಗ ಅದೆಲ್ಲಾ ಲೆಕ್ಕಕ್ಕಿಲ್ಲ, ಆಕಿಗೆ ಬಚ್ಚನ್ ಒಬ್ರೇ.

ಕೆಲಸ ಮಾತ್ರ ಕೈ ಮುಗಿಯೋ ಹಂಗ ಐತ್ರಿ, ಅದಕ್ಕ ಎರಡು ಮಾತಿಲ್ಲ. ಹತ್ತಿರ ಹೋಗಿ ಕಣ್ಣು ನೋಡ್ರಿ, ಬಿಳಿ ಗುಡ್ಡಿ ಮ್ಯಾಲ ಸಣ್ಣ ಸಣ್ಣ ಕೆಂಪು ನರ ಕಾಣ್ತಾವ, ಅವು ರೇಷ್ಮಿ ಎಳಿ. ತಲಿ ಕೂದಲು, ಹುಬ್ಬು ಎಲ್ಲಾ ಖರೇ ಕೂದಲು, ಒಂದೊಂದೇ ಎಳಿ ಬಿಸಿ ಮೇಣದಾಗ ಸೂಜಿಲೆ ಕೂಡ್ಸತಾರ, ಬರೇ ತಲೀಗೇ ವಾರಗಟ್ಟಲೆ ಬೇಕು. ಆ ಮನಷಾ ಬದುಕಿದ್ರ ಕರ್ಕೊಂಡು ಕೂಡ್ಸಿ ಇನ್ನೂರಕ್ಕಿಂತ ಹೆಚ್ಚು ಅಳತಿ ತಗೋತಾರ, ಮಣ್ಣಾಗ ಮಾಡಿ ಅಚ್ಚು ತಗದು ಮೇಣ ಹೊಯ್ತಾರ, ಮೇಣ ಆರಿದ ಮ್ಯಾಲ ಕುಗ್ಗತೈತಿ ಅಂತ ಶೇಕಡಾ 2ರಷ್ಟು ದೊಡ್ಡದೇ ಮಾಡ್ತಾರ. ಮೇಣ ತಲಿಗೆ ಕೈಗೆ ಅಷ್ಟೇ, ಅಂಗಿ ಒಳಗ ಇರೋದು ಫೈಬರ್. ಇದನ್ನ ಕಾಕಾಗ ಹೇಳಿದ್ರ "ಹಂಗಾರ ಹೆಗಲ ಫೈಬರಿಂದು, ಅದಕ್ಕೇ ಕೈ ಹಾಕೀಯೇನು" ಅಂದ್ರು!

ಈಗ ನಗುಮುಖದ ಸೆಲ್ಫಿ ಜಾಗ ಆಗಿರೋದು ಶುರುವಾದದ್ದು ರಕ್ತದಾಗ. ಈ ಮ್ಯೂಸಿಯಂ ಕಟ್ಟಿದ ಮಾರಿ ಟುಸ್ಸೋ ಹುಟ್ಟಿದ್ದು 1761ರಾಗ ಸ್ಟ್ರಾಸ್‌ಬರ್ಗ್‌ನ್ಯಾಗ, ಮೇಣದ ಕೆಲಸ ಕಲತದ್ದು ಕರ್ಟಿಯಸ್ ಅನ್ನೋ ಡಾಕ್ಟರ್ ಕಡೆ, ಫ್ರಾನ್ಸಿನ ಕ್ರಾಂತಿ ಆದಾಗ ತಲಿ ಕಡಸ್ಕೊಂಡೋರ ಮುಖದ ಅಚ್ಚು ತಗದಾಕಿ. 1802ರಾಗ ಇಂಗ್ಲೆಂಡಿಗೆ ಬಂದು, ನಮ್ಮ ನಾಟಕ ಕಂಪನಿಯೋರು ಜಾತ್ರಿಯಿಂದ ಜಾತ್ರಿಗೆ ಹೋಗೋ ಹಂಗ ಗೊಂಬಿ ಕಟ್ಟಿಕೊಂಡು ಊರೂರು ತಿರುಗಿ 1835ರಾಗ ಬೇಕರ್ ಸ್ಟ್ರೀಟ್‌ನ್ಯಾಗ ನೆಲಿ ನಿಂತ್ಲು. ನಡುವ 1831 ಬರ್ತೈತಲ್ಲ, ಅಲ್ಲಿ ನನ್ನ ತಲಿ ನಿಲ್ತೈತಿ. ಆ ವರ್ಷ ಜನವರಿ 26ಕ್ಕ ನಂದಗಡದಾಗ ಸಂಗೊಳ್ಳಿ ರಾಯಣ್ಣನ್ನ ಇದೇ ಬ್ರಿಟಿಷರ ಕಂಪನಿ ನೇಣಿಗೆ ಹಾಕ್ತು. ಇಲ್ಲಿ ಒಬ್ಬಾಕಿ ಸತ್ತೋರ ಮುಖ ಜೋಪಾನ ಮಾಡಿ ಟಿಕೀಟ್ ಇಟ್ಟು ತೋರ್ಸ್ತಿದ್ಲು, ಅಲ್ಲಿ ರಾಯಣ್ಣನ ಮುಖ ಯಾರೂ ಬರ್ಕೊಳ್ಳಲೂ ಇಲ್ಲ, ಇಟ್ಕೊಳ್ಳಲೂ ಇಲ್ಲ, ಫೋಟೋ ಅನ್ನೋದಂತೂ ಇನ್ನೂ ಬಂದೇ ಇರಲಿಲ್ಲ. ಇವತ್ತು ನಾವು ಸರ್ಕಲ್‌ನ್ಯಾಗ ನೋಡೋ ಮೀಸಿ, ಕಣ್ಣು, ಎದಿ ಎಲ್ಲಾ ಶಿಲ್ಪಿ ಮನಸಿನಾಗಿಂದ ಬಂದದ್ದು.

ಆದ್ರ ನಂದಗಡಕ್ಕ ಹೋಗಿ ನೋಡ್ರಿ ಒಮ್ಮೆ. ಆ ಆಲದ ಮರದ ಹತ್ರ ಮಂದಿ ಬಂದು ಮಕ್ಕಳಾಗಲಿ ಅಂತ ಬೇಡ್ಕೊಂಡು ತೊಟ್ಟಿಲ ಕಟ್ತಾರ. ಅವರಿಗೆ ರಾಯಣ್ಣನ ಮೂಗು ಹೆಂಗಿತ್ತು ಅನ್ನೋದು ಬೇಕಾಗೇ ಇಲ್ಲ. ಲಂಡನ್ನಿನಾಗ ಮೂಗು ಮಿಲಿಮೀಟರ್ ಲೆಕ್ಕದಾಗ ಸರಿ ಇರ್ತೈತಿ, ನೋಡಾಕ ಬಂದೋನಿಗೆ ಆ ಮನಷಾ ಏನು ಮಾಡಿದ ಅನ್ನೋದು ಗೊತ್ತಿಲ್ಲದಿದ್ರೂ ನಡೀತೈತಿ. ನನಗ ಎರಡೂ ಜಾಗ ಸೇರ್ತಾವ, ಅದರಾಗೂ ನಂದಗಡ ಒಂದು ತೂಕ ಹೆಚ್ಚು. ನನಗ ಸೇರದೇ ಇರೋದು ಇವೆರಡರ ನಡುವ ನಾವು ಬೆಳಗಾವ್ಯಾಗ ಮಾಡ್ಕೊಂಡಿರೋ ಮೂರನೇ ರೀತಿ.

2022 ಅಕ್ಟೋಬರ್‌ದಾಗ ಲಂಡನ್ನಿನ ಇದೇ ಮ್ಯೂಸಿಯಮ್ಮಿನಾಗ ಪರಿಸರ ಹೋರಾಟದ ಇಬ್ಬರು ಬಂದು ರಾಜ ಚಾರ್ಲ್ಸ್ ಗೊಂಬಿ ಮುಖಕ್ಕ ಚಾಕಲೇಟ್ ಕೇಕ್ ಬಡದ್ರು. ಪೊಲೀಸರು ನಾಲ್ಕು ಮಂದಿನ್ನ ಹಿಡದ್ರು, ಟಿವ್ಯಾಗ ಬಂತು, ಆಫೀಸಿನಾಗ ನನ್ನ ಪಕ್ಕದಾಕಿ "ಕೇಕ್ ವೇಸ್ಟ್ ಆತು" ಅಂದ್ಲು, ಅಷ್ಟಕ್ಕ ಮುಗೀತು. ಅದಕ್ಕಿಂತ ಮುಂಚಿನ ವರ್ಷ ಡಿಸೆಂಬರ್‌ದಾಗ ಬೆಂಗಳೂರಾಗ ಶಿವಾಜಿ ಮೂರ್ತಿಗೆ ಮಸಿ ಬಿತ್ತು ಅಂತ ಬೆಳಗಾವ್ಯಾಗ ಗದ್ಲ ಶುರುವಾಗಿ, ರಾತ್ರೋರಾತ್ರಿ ಗಾಡಿಗೆ ಕಲ್ಲು ಬಿದ್ದು, ಅನಗೋಳದಾಗ ರಾಯಣ್ಣನ ಮೂರ್ತಿ ಭಂಗ ಮಾಡಿ, ಬೆಳಗಾದ್ರ ಊರಿಗೆಲ್ಲಾ ನಿಷೇಧಾಜ್ಞೆ. ಶಿವಾಜಿ, ರಾಯಣ್ಣ ಇಬ್ಬರೂ ಪರದೇಶದವರ ಆಳ್ವಿಕಿ ಬ್ಯಾಡ ಅಂತ ಕತ್ತಿ ಹಿಡದೋರು, ಅಥವಾ ಹಂಗಂತ ನಾವು ಸಾಲ್ಯಾಗ ಓದೀವಿ, ಈಗ ಅವರ ಹೆಸರ ಮ್ಯಾಲ ಸಂತಿಗೆ ಬಂದೋನ ಗಾಡಿ ಗ್ಲಾಸ್ ಒಡೀತಾವು. ಪೀರನವಾಡಿ ಸರ್ಕಲ್‌ದಾಗ 2020ರಾಗ ರಾಯಣ್ಣನ ಮೂರ್ತಿ ನಿಲ್ಲಸೋ ಸಲುವಾಗಿ ಕನ್ನಡದೋರು ಮರಾಠಿಯೋರ ನಡುವ ಏನಾತು ಅನ್ನೋದು ಬೆಳಗಾವಿ ಮಂದಿಗೆ ಬಿಡಿಸಿ ಹೇಳೋದು ಬ್ಯಾಡ. ಮೂರ್ತಿ ನಿಲ್ಲಸೋದು ನೆನಪಿಗಲ್ಲ, ಈ ಚೌಕ ನಮ್ಮದು ಅನ್ನಾಕ ಅನ್ನೋ ಹಂಗಾಗೈತಿ, ಎರಡೂ ಕಡೆಯೋರದೂ ಇದೇ ಹಣೇಬರಹ.

ಹಂಗಂತ ಬಿಳಿ ಮಂದಿ ಎಲ್ಲಾ ಶಾಂತಮೂರ್ತಿಗಳು ಅಂತ ನಾನೇನ್ ಹೇಳಾಕತ್ತಿಲ್ಲ. ಬರ್ಲಿನ್ ಶಾಖೆ 2008ರಾಗ ಓಪನ್ ಆದ ದಿನಾನೇ ಒಬ್ಬಾಂವ ನುಗ್ಗಿ ಹಿಟ್ಲರ್ ಗೊಂಬಿ ತಲಿ ಕಿತ್ತ, ಅಮೇರಿಕಾದ ಸ್ಯಾನ್ ಆಂಟೋನಿಯೋದ ಇನ್ನೊಂದು ಮೇಣದ ಮ್ಯೂಸಿಯಂನ್ಯಾಗ ಟ್ರಂಪ್ ಗೊಂಬಿಗೆ ಮಂದಿ ಗುದ್ದಿ ಗುದ್ದಿ ಕಡೀಗೆ ಅದನ್ನ ಒಳಗ ಇಡಬೇಕಾತು. ಗುದ್ದಿದ್ದು ಗೊಂಬಿಗೆ ಮಾತ್ರ ಅನ್ನೋದು ಬ್ಯಾರೆ ಮಾತು. ಮತ್ತ ರಾಜ ಚಾರ್ಲ್ಸ್ ಮುಖಕ್ಕ ಕೇಕ್ ಬಿದ್ರ ಅವರಿಗೆ ನಗು ಬರ್ತೈತಿ, ಯಾಕಂದ್ರ ಅವರ ರಾಜರು ಯಾರ ಕೈಯಾಗೂ ನೇಣು ಹಾಕಿಸ್ಕೊಂಡು ಊರು ಕಳಕೊಂಡೋರಲ್ಲ. ನಮಗ ರಾಯಣ್ಣ ಮನಿ ಮನಷಾ, ಚೆನ್ನಮ್ಮನ ಸಮಾಧಿ ನಮ್ಮೂರಾಗೇ ಐತಿ, ಸಿಟ್ಟು ಬರೋದು ಬ್ಯಾಡ ಅನ್ನಾಕ ನಾನ್ಯಾರು. ಸಿಟ್ಟು ಬಂದ್ರ ಬಸ್ಸಿನಾಗ ಕುಂತೋರು ಏನು ಮಾಡ್ಯಾರ ಅಂತ ಕೇಳೋದು ಅಷ್ಟೇ.

ಇನ್ನೊಂದು ನೋಡ್ರಿ, ಅಲ್ಲಿ ಗೊಂಬಿ ಪರ್ಮನೆಂಟ್ ಅಲ್ಲ. ಹ್ಯಾರಿ-ಮೇಗನ್ 2020 ಜನವರ್ಯಾಗ ರಾಜಮನೆತನದ ಕೆಲಸ ಬಿಡ್ತೀವಿ ಅಂದ ಮರುದಿನಾನೇ ಅವರ ಗೊಂಬಿ ರಾಣಿ ಪಕ್ಕದಿಂದ ಎತ್ತಿ ಬ್ಯಾರೆ ಕಡೆ ನಿಲ್ಲಿಸಿದ್ರು. ಹೆಸರು ಇಳೀತು ಅಂದ್ರ ಗೊಂಬಿನೂ ಇಳೀತೈತಿ. ಇದು ಯಾಪಾರ, ನನಗೂ ಗೊತ್ತೈತಿ, ಟಿಕೀಟ್ ರೊಕ್ಕ ನೋಡಿದ್ರ ನಾಲ್ಕು ಮಂದಿ ಲೆಕ್ಕ ಹಾಕೋ ಹೊತ್ತಿಗೆ ಎದಿ ಝಲ್ ಅಂತೈತಿ. ಆದ್ರೂ ಹಿಂಗ ಸಲೀಸಾಗಿ ಇಳಸೋದು ನಮ್ಮ ಕಡೆ ಸ್ವಲ್ಪ ಬಂದಿದ್ರ, ಇನ್ನೂ ಬದುಕಿರೋ ಪುಢಾರಿಗಳ ಕಟೌಟು ಕೊಲ್ಲಾಪುರ ಸರ್ಕಲ್‌ನಿಂದ ಚೆನ್ನಮ್ಮ ಸರ್ಕಲ್‌ವರೆಗೂ ವರ್ಷಗಟ್ಟಲೆ ಜೋತು ಬೀಳ್ತಿರಲಿಲ್ಲ.

ಬಚ್ಚನ್ ಗೊಂಬಿ ತೋರ್ಸಿದ ದಿನಾನೇ ಸಂಜಿಕ ಅವ್ವನ್ನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೆ ಕರ್ಕೊಂಡು ಹೋದೆ, ಥೇಮ್ಸ್ ದಂಡಿ ಮ್ಯಾಲ ಬಸವಣ್ಣನ ಪುತ್ಥಳಿ ಐತಿ, 2015 ನವೆಂಬರ್ 14ಕ್ಕ ಪ್ರಧಾನಿ ಮೋದಿ ಬಂದು ಅನಾವರಣ ಮಾಡಿದ್ದು, ಎದುರಿಗೆ ಹೊಳಿ ಆಚೆ ಪಾರ್ಲಿಮೆಂಟ್. ಅಲ್ಲಿ ಗ್ಲಾಸಿಲ್ಲ, ಪೊಲೀಸಿಲ್ಲ, ಜಾಗಿಂಗ್ ಮಾಡೋರು ತಿರುಗಿ ಸುದ್ದಾ ನೋಡದ ಓಡಿ ಹೋಗ್ತಿರ್ತಾರ. ಮುಂಜಾನೆ ಬಚ್ಚನ್ನಿಗೆ ಒಂದ ಬೆರಳು ಹಚ್ಚಿದಾಕಿ ಇಲ್ಲಿ ಆ ಥಂಡ್ಯಾಗ ಶೂ ಬಿಚ್ಚಿ, ಸಾಕ್ಸ್ ಮ್ಯಾಲೇ ನಿಂತು, ಕಲ್ಲಿನ ಕಟ್ಟಿಗೆ ಹಣಿ ಹಚ್ಚಿದ್ಲು. ಒಬ್ಬ ಓಡೋ ಹುಡುಗ ನಿಂತು ದಾರಿ ಬಿಟ್ಟು ಸುತ್ತು ಹಾಕಿ ಹೋದ. ಫೋಟೋ ತಗೀಲೇನು ಅಂದ್ರ ಬ್ಯಾಡ ಅಂದ್ಲು.

ಈ ಬೇಸಿಗ್ಯಾಗ ಬರೋರಿಗೆ: ಮೇಡಂ ಟುಸ್ಸಾಡ್ಸ್ ಟಿಕೀಟ್ ಮೊದಲೇ ಆನ್‌ಲೈನ್ ತಗೋರಿ, ಬಾಗಲದಾಗ ತಗೊಂಡ್ರ ಜಾಸ್ತಿ ಬೀಳ್ತೈತಿ, ಶನಿವಾರ ಐತವಾರ ಹೋಗಬ್ಯಾಡ್ರಿ. ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೆ ಟಿಕೀಟ್ ಇಲ್ಲ, ವಾಕ್ಸಾಲ್ ಸ್ಟೇಷನ್ ಇಳದು ಹೊಳಿ ದಂಡಿ ಹಿಡದು ಲ್ಯಾಂಬೆತ್ ಸೇತುವೆ ಕಡೆ ನಡೀರಿ. ಜೂನ್ ಇದ್ರೂ ಸ್ವೆಟರ್ ಇರಲಿ, ಹೊಳಿ ಗಾಳಿ ಬಾಳ ಕೆಟ್ಟದ್ದು.