ಪದಕದ ಅಂಚು

ರಾತ್ರಿ ಹನ್ನೊಂದೂವರೆಗೆ ಮಲಗಿಕೊಂಡು ಮೊಬೈಲಿನಲ್ಲಿ ಇಂಗ್ಲೆಂಡಿನ ಹರಾಜಿನ ಪದಕಗಳನ್ನು ನೋಡುವುದು ನನ್ನ ಚಟ. ಕೊಳ್ಳುವುದಿಲ್ಲ, ಕೊಳ್ಳುವ ತಾಕತ್ತೂ ಇಲ್ಲ. ಮೊನ್ನೆ ಎರಡು ಬೆಳ್ಳಿ ಪದಕ ಕಣ್ಣಿಗೆ ಬಿದ್ದವು. ಒಂದು 1854-55ರಲ್ಲಿ ಬಾಲ್ಟಿಕ್ ಸಮುದ್ರದಲ್ಲಿ ರಷ್ಯದ ವಿರುದ್ಧ ಹೋದವರಿಗೆ ಕೊಟ್ಟ ಬಾಲ್ಟಿಕ್ ಪದಕ, ಹಳದಿ ರಿಬ್ಬನ್ನಿಗೆ ತಿಳಿನೀಲಿ ಅಂಚು. ಇನ್ನೊಂದು 1857ರಿಂದ 60ರವರೆಗಿನ ಚೀನಾ ಯುದ್ಧದ್ದು. ಯಾರೋ ತಿಕ್ಕಿ ತಿಕ್ಕಿ ವಿಕ್ಟೋರಿಯಾ ರಾಣಿಯ ಮೂಗು ಕೆನ್ನೆ ಎರಡನ್ನೂ ಒಂದೇ ಮಟ್ಟಕ್ಕೆ ತಂದಿದ್ದರು.

“ಯಾರದ್ರೀ ಅದು?” ಹೊದಿಕೆಯೊಳಗಿಂದ ಹೆಂಡತಿ ಕೇಳಿದಳು.

“ಹಡಗಿನ ಡಾಕ್ಟರದು.”

“ಹೆಸರು?”

“ಬರೆದಿಲ್ಲ ಕಣೆ.”

“ಮತ್ತೆ ಡಾಕ್ಟರದೇ ಅಂತ ಹೇಗೆ ಗೊತ್ತು?”

ಸಿಟ್ಟು ಬಂತು. ಅವಳ ಮೇಲಲ್ಲ, ನೌಕಾಪಡೆಯ ಮೇಲೆ. ಅದೇ ಚೀನಾ ಯುದ್ಧಕ್ಕೆ ಹೋದ ಭೂಸೇನೆಯವನ ಪದಕದ ಅಂಚು ತಿರುಗಿಸಿದರೆ ಹೆಸರು, ರೆಜಿಮೆಂಟು ಸಮೇತ ಇರುತ್ತದೆ. ಹಡಗಿನವರಿಗೆ ಕೊಟ್ಟದ್ದು ಬೋಳು ಅಂಚು. ಅಲುಗಾಡುವ ಹಲಗೆಯ ಮೇಲೆ ಕಾಲು ಕತ್ತರಿಸಿದವನಿಗೆ ನಾಲ್ಕಕ್ಷರ ಅಚ್ಚು ಹಾಕಿಸಲು ಏನು ದಾಡಿ? ನನ್ನ ಶೋಕೇಸಿನಲ್ಲೂ ಒಂದು ಸನ್ಮಾನದ ಫಲಕ ಇದೆ. ಅದರಲ್ಲಿ ಪ್ರಾಯೋಜಕರ ಹೆಸರು ದೊಡ್ಡದು, ನನ್ನದು ತಪ್ಪು. ಆದರೂ ಇದೆಯಲ್ಲ!

ಹೆಸರು ಕೊರೆದದ್ದೇ ಬೇಕೆಂದರೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಗಿಟ್ಟಿಸಬೇಕಿತ್ತು. ಬ್ರಿಟಿಷ್ ನೌಕಾಪಡೆಯ ವೈದ್ಯರಲ್ಲಿ ಅದು ಸಿಕ್ಕಿದ್ದು ವಿಲಿಯಂ ಮೈಲಾರ್ಡ್ ಒಬ್ಬನಿಗೇ. 1898ರಲ್ಲಿ ಕ್ರೀಟ್ ದ್ವೀಪದ ಕ್ಯಾಂಡಿಯಾದಲ್ಲಿ, ಕ್ಷೇಮವಾಗಿ ದಡ ಸೇರಿದ್ದ ಈತ ಗಾಯಾಳು ನಾವಿಕನಿಗಾಗಿ ಗುಂಡಿನ ಮಳೆಯಲ್ಲೇ ದೋಣಿಗೆ ವಾಪಸು ಓಡಿದ. ದೋಣಿ ತೇಲಿ ಹೋಗುತ್ತಿತ್ತು, ನಾವಿಕನನ್ನು ಎತ್ತಲಾಗಲಿಲ್ಲ. ಬಟ್ಟೆಯೆಲ್ಲ ತೂತು, ಮೈಮೇಲೆ ಒಂದು ಗೀರೂ ಇಲ್ಲ.

ಆದರೆ ನನಗೆ ಹೊಟ್ಟೆ ಉರಿಯುವುದು ವಿಲಿಯಂ ಬೀಟಿಯ ವಿಷಯಕ್ಕೆ. 1805ರ ಟ್ರಫಾಲ್ಗರ್ ನೌಕಾ ಕದನದಲ್ಲಿ ಬ್ರಿಟಿಷ್ ನೌಕಾದಳದ ಮುಖ್ಯಸ್ಥ ನೆಲ್ಸನ್ನನ ಹಡಗು ‘ವಿಕ್ಟರಿ’ಯ ಸರ್ಜನ್. ಗುಂಡು ನೆಲ್ಸನ್ನನ ಎಡಭುಜದಲ್ಲಿ ಹೊಕ್ಕು ಬೆನ್ನುಮೂಳೆಯನ್ನು ಸೀಳಿ ಬೆನ್ನಿನ ಸ್ನಾಯುವಿನಲ್ಲಿ ನಿಂತಿತ್ತು, ಉಳಿಸಲಾಗಲಿಲ್ಲ. ಹೆಣವನ್ನು ಊರಿಗೆ ಒಯ್ಯಬೇಕಲ್ಲ? ಪೀಪಾಯಿಯಲ್ಲಿಟ್ಟು ಬ್ರಾಂದಿ ತುಂಬಿಸಿದ. ರಮ್ ಹಾಕಬೇಕಿತ್ತು ಎಂದು ಆಮೇಲೆ ಊರಿನ ಜನ ತಗಾದೆ ತೆಗೆದರಂತೆ. ಹೆಣ ಕೆಡದಂತಿಡಲು ಬ್ರಾಂದಿಯೇ ಮೇಲು ಎಂದು ಪಾಪ ಈತ ಸಮಜಾಯಿಷಿ ಕೊಡಬೇಕಾಯಿತು. ಯಾವ ಊರಾದರೇನು, ಸಾವಿನ ಮನೆಗೆ ಬಂದು ಸಲಹೆ ಕೊಡುವವರು ಇದ್ದೇ ಇರುತ್ತಾರೆ. ಇಂಗ್ಲೆಂಡ್ ಮುಟ್ಟಿದ ಮೇಲೆ ದೇಹ ಕೊಯ್ದು ಗುಂಡನ್ನು ಹೊರತೆಗೆದ. ಸೀಸದ ಆ ಉಂಡೆಗೆ ನೆಲ್ಸನ್ನನ ಭುಜಪಟ್ಟಿಯ ಜರಿ ಕಚ್ಚಿಕೊಂಡೇ ಇತ್ತು. ‘ವಿಕ್ಟರಿ’ಯ ಕ್ಯಾಪ್ಟನ್ ಹಾರ್ಡಿ ಅದನ್ನು ಲಾಕೆಟ್ಟಿನಲ್ಲಿ ಕೂರಿಸಿ ಬೀಟಿಗೇ ಕೊಟ್ಟ. ಈತ ಬದುಕಿರುವ ತನಕ ಅದನ್ನು ತೊಟ್ಟ. ಸತ್ತದ್ದು 1842ರಲ್ಲಿ. ಗುಂಡು ವಿಕ್ಟೋರಿಯಾ ರಾಣಿಯ ಕೈಸೇರಿತು, ಈಗ ವಿಂಡ್ಸರ್ ಅರಮನೆಯಲ್ಲಿದೆ.

ಅಂಥ ಕದನಗಳಿಗೆಲ್ಲ ಸರ್ಕಾರ ಪದಕ ಘೋಷಿಸಿದ್ದು ಯಾವಾಗ ಗೊತ್ತೆ? 1847ರಲ್ಲಿ. ನಲವತ್ತೆರಡು ವರ್ಷ ಬಿಟ್ಟು! ಬದುಕಿದ್ದವರು ಮಾತ್ರ ಅರ್ಜಿ ಹಾಕಬೇಕು. ಮೇಲೆ ವಿಕ್ಟೋರಿಯಾಳ ಮುಖ, ಟ್ರಫಾಲ್ಗರ್ ನಡೆದಾಗ ಆಕೆ ಹುಟ್ಟಿಯೂ ಇರಲಿಲ್ಲ. ಅಂಚಿನಲ್ಲಿ? ಹೆಸರು! ಟ್ರಫಾಲ್ಗರಿಗೆ ಹೆಸರು ಹಾಕಿದ ಪದಕ ಬಂದದ್ದೂ ಬೀಟಿ ಸತ್ತ ಮೇಲೆ. ಹೆಸರು ಹಾಕುವ ಆ ಬುದ್ಧಿಯೂ ಬಾಲ್ಟಿಕ್ಕಿನ ಹೊತ್ತಿಗೆ ಮತ್ತೆ ಹೋಯಿತು.

ಇಷ್ಟನ್ನೂ ಎದ್ದು ಕುಳಿತು, ಕೈ ಬೀಸಿ ಬೀಸಿ ಹೇಳಿದೆ. ಹೆಸರೆಂದರೆ ಏನು ಎಂಬಲ್ಲಿಗೆ ಮಾತನ್ನು ತಂದು ನಿಲ್ಲಿಸುವವನಿದ್ದೆ. ಹೊದಿಕೆ ಸರಿಯಿತು.

“ಆ ಬ್ರಾಂದಿ ಏನು ಮಾಡಿದ್ರು?”

“ನಾವಿಕರು ಕದ್ದು ಕುಡಿದರು ಅಂತ ಒಂದು ಕಟ್ಟುಕಥೆ ಇದೆ.”

“ಥೂ, ಲೈಟ್ ಆರ್ಸಿ.”