ಬೇಸ್‌ಬಾಲ್ ದಂಧೆಯಾದದ್ದು 1869ರಲ್ಲಲ್ಲ, 1879ರಲ್ಲಿ

ವೃತ್ತಿಪರ ಬೇಸ್‌ಬಾಲ್ ಎಲ್ಲಿ ಶುರುವಾಯಿತು ಅಂತ ಕೇಳಿದರೆ ಥಟ್ಟನೆ ಬರುವ ಉತ್ತರ: ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್, 1869. ಇಡೀ ತಂಡಕ್ಕೆ ಬಹಿರಂಗವಾಗಿ ಸಂಬಳ ಕೊಟ್ಟ ಮೊದಲ ಕ್ಲಬ್ ಅದು, ಒಪ್ಪುತ್ತೇನೆ. ಆದರೆ ಸಂಬಳ ಕೊಡುವುದು ಬೇರೆ, ಸಂಬಳ ಕೊಟ್ಟೂ ಕ್ಲಬ್ ಬದುಕುವುದು ಬೇರೆ. ಎರಡನೆಯದಕ್ಕೆ ಇನ್ನೂ ಹತ್ತು ವರ್ಷ ಬೇಕಾಯಿತು. ಅದನ್ನು ಸಾಧಿಸಿಕೊಟ್ಟದ್ದು ಯಾವ ಆಟಗಾರನೂ ಅಲ್ಲ, ಐದು ಹೆಸರುಗಳ ಒಂದು ಪಟ್ಟಿ.

ದುಡ್ಡು ಈ ಆಟಕ್ಕೆ ಮೊದಲೇ ಬಂದಿತ್ತು. ಬ್ರೂಕ್ಲಿನ್‌ನಲ್ಲಿ ವಿಲಿಯಂ ಕ್ಯಾಮೆಯರ್ ಎಂಬಾತ ಚಳಿಗಾಲದ ಸ್ಕೇಟಿಂಗ್ ಜಾಗಕ್ಕೆ ಬೇಲಿ ಹಾಕಿ, 1862ರ ಬೇಸಿಗೆಯಲ್ಲಿ ಅಲ್ಲೇ ಬೇಸ್‌ಬಾಲ್ ಆಡಿಸಿ ತಲೆಗೆ 10 ಸೆಂಟ್ ವಸೂಲಿ ಮಾಡಿದ. ಎಕ್ಸೆಲ್ಸಿಯರ್ ಕ್ಲಬ್ಬಿನ ಪಿಚರ್ (ಚೆಂಡೆಸೆಯುವವ) ಜಿಮ್ ಕ್ರೈಟನ್‌ಗೆ ಗುಟ್ಟಾಗಿ ಹಣ ಸಲ್ಲುತ್ತಿತ್ತು ಅನ್ನುವುದು ಆಗಲೇ ಬಹಿರಂಗ ಗುಟ್ಟು. 1869ರಲ್ಲಿ ಆ ಗುಟ್ಟು ಹೋಯಿತು, ಅಷ್ಟೇ.

ಸಿನ್ಸಿನಾಟಿಯ ಆ ವರ್ಷದ ಸಂಬಳದ ಲೆಕ್ಕ ನೋಡಿ. ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್) ಜಾರ್ಜ್ ರೈಟ್‌ಗೆ 1,400 ಡಾಲರ್. ಅವನ ಅಣ್ಣ, ನಾಯಕ ಹ್ಯಾರಿ ರೈಟ್‌ಗೆ 1,200. ಪಿಚರ್ ಬ್ರೈನಾರ್ಡ್‌ಗೆ 1,100. ಥರ್ಡ್ ಬೇಸ್‌ನ ವಾಟರ್‌ಮನ್‌ಗೆ 1,000. ಐವರಿಗೆ ತಲಾ 800. ಬದಲಿ ಆಟಗಾರನಿಗೆ 600. ಒಟ್ಟು 9,300. ಹ್ಯಾರಿ ರೈಟ್ ಹುಟ್ಟಿದ್ದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ, ಮೂಲತಃ ಸಂಬಳದ ಕ್ರಿಕೆಟಿಗ. ತಾಲೀಮು, ಶಿಸ್ತು, ಊರೂರಿಗೆ ಪ್ರವಾಸ, ಎಲ್ಲವನ್ನೂ ಅವನು ಕ್ರಿಕೆಟ್ಟಿನಿಂದಲೇ ತಂದ ಅನ್ನುವುದು ನನ್ನ ಅನಿಸಿಕೆ. ಆ ವರ್ಷ ತಂಡ ಒಂದೂ ಪಂದ್ಯ ಸೋಲಲಿಲ್ಲ. ಹೊಸದಾಗಿ ಮುಗಿದಿದ್ದ ರೈಲು ಮಾರ್ಗ ಹಿಡಿದು ಸ್ಯಾನ್ ಫ್ರಾನ್ಸಿಸ್ಕೊವರೆಗೂ ಹೋಗಿ ಆಡಿ ಬಂತು. ಇಷ್ಟೆಲ್ಲ ಆಗಿ ವರ್ಷದ ಕೊನೆಗೆ ಉಳಿದ ಲಾಭ 1 ಡಾಲರ್ 39 ಸೆಂಟ್ ಅನ್ನುವ ಲೆಕ್ಕ ಪ್ರಸಿದ್ಧ. 1870ರ ಜೂನ್ 14ರಂದು ಬ್ರೂಕ್ಲಿನ್ ಅಟ್ಲಾಂಟಿಕ್ಸ್ ಎದುರು ಮಾಮೂಲಿ ಒಂಬತ್ತರ ಬದಲು 11 ಇನ್ನಿಂಗ್ಸ್ ಆಡಿ 8-7ರಿಂದ ಸೋತರು. ಆಮೇಲೆ ಜನ ಕಡಿಮೆಯಾದರು, ಆಟಗಾರರ ಸಂಬಳದ ಬೇಡಿಕೆ ಏರಿತು, ಆಡಳಿತದವರು ಸಂಬಳದ ತಂಡವೇ ಬೇಡ ಅಂದುಬಿಟ್ಟರು. ರೈಟ್ ಸೋದರರು ಬಾಸ್ಟನ್‌ಗೆ ಹೊರಟರು, ಜೊತೆಗೆ ತಂಡದ ಹೆಸರನ್ನೂ ಒಯ್ದರು.

1871ರಲ್ಲಿ ಹುಟ್ಟಿದ ವೃತ್ತಿಪರ ತಂಡಗಳ ಒಕ್ಕೂಟ ನ್ಯಾಷನಲ್ ಅಸೋಸಿಯೇಷನ್ ಸೇರಲು 10 ಡಾಲರ್ ಸಾಕಿತ್ತು. ಎಡವಟ್ಟಾದದ್ದು ಅಲ್ಲೇ. ನಿಗದಿತ ವೇಳಾಪಟ್ಟಿ ಇರಲಿಲ್ಲ. ಕ್ಲಬ್ಬಿನ ಕಾರ್ಯದರ್ಶಿಗಳು ಪರಸ್ಪರ ಕಾಗದ ಬರೆದು ದಿನ ಗೊತ್ತುಮಾಡಬೇಕು. ತಂಡ ಸೋಲತೊಡಗಿದರೆ ರೈಲು ಖರ್ಚು ಯಾಕೆ ಅಂತ ದೂರದ ಪ್ರವಾಸ ಕೈಬಿಡುತ್ತಿದ್ದರು. ಆಟಗಾರರು ಹೆಚ್ಚು ಕೊಟ್ಟವರ ಕಡೆ ಜಿಗಿಯುತ್ತಿದ್ದರು. 1872ರಿಂದ 75ರವರೆಗೆ ಸತತ ನಾಲ್ಕು ಸಲ ಬಾಸ್ಟನ್ನೇ ಗೆದ್ದಿತು, ಕೊನೆಯ ವರ್ಷ 71 ಗೆಲುವು, 8 ಸೋಲು. ಫಲಿತಾಂಶ ಮೊದಲೇ ಗೊತ್ತಿದ್ದರೆ ಟಿಕೆಟ್ ಕೊಳ್ಳುವವರು ಯಾರು?

ಷಿಕಾಗೊ ಕ್ಲಬ್ಬಿನ ಮುಖ್ಯಸ್ಥ ವಿಲಿಯಂ ಹಲ್ಬರ್ಟ್ 1875ರ ನಡು ಋತುವಿನಲ್ಲೇ ಬಾಸ್ಟನ್‌ನ ನಾಲ್ವರು ಘಟಾನುಘಟಿಗಳನ್ನು ಮುಂದಿನ ವರ್ಷಕ್ಕೆ ಬುಕ್ ಮಾಡಿಕೊಂಡ. ಅದು ನಿಯಮಬಾಹಿರ. ಶಿಕ್ಷೆಯ ಮಾತು ಏಳುವ ಮೊದಲೇ 1876ರ ಫೆಬ್ರವರಿ 2ರಂದು ತನ್ನದೇ ನ್ಯಾಷನಲ್ ಲೀಗ್ ಕಟ್ಟಿದ! ಎಂಟೇ ಕ್ಲಬ್, ಕನಿಷ್ಠ 75,000 ಜನಸಂಖ್ಯೆಯ ಊರು, 50 ಸೆಂಟ್ ಟಿಕೆಟ್. ಆ ವರ್ಷವೇ ಪಶ್ಚಿಮ ಪ್ರವಾಸ ತಪ್ಪಿಸಿದ ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾ ತಂಡಗಳನ್ನು ಹೊರಹಾಕಿದ. ದೇಶದ ದೊಡ್ಡ ಊರುಗಳನ್ನೇ ಕಳೆದುಕೊಳ್ಳಲು ಗಟ್ಟಿ ಎದೆ ಬೇಕು.

ಮರುವರ್ಷ ಲೂಯಿವಿಲ್ ಹಗರಣ. ಆ ತಂಡದ ಜಿಮ್ ಡೆವ್ಲಿನ್ 1877ರಲ್ಲಿ ತಂಡದ ಎಲ್ಲ 61 ಪಂದ್ಯಗಳನ್ನೂ ಒಬ್ಬನೇ ಪಿಚ್ ಮಾಡಿದ, 559 ಇನ್ನಿಂಗ್ಸ್. ಆಗಸ್ಟ್‌ನಲ್ಲಿ ಮೊದಲ ಸ್ಥಾನದಲ್ಲಿದ್ದವರು ಇದ್ದಕ್ಕಿದ್ದಂತೆ ಸೋಲತೊಡಗಿದರು. ಕ್ಲಬ್ಬಿನವರು ಆಟಗಾರರ ಟೆಲಿಗ್ರಾಂ ತೆಗೆಸಿ ನೋಡಿದಾಗ ‘ಸ್ಯಾಷ್’ ಎಂಬ ಪದ ಪದೇ ಪದೇ ಸಿಕ್ಕಿತು: ಪಂದ್ಯ ಬಿಟ್ಟುಕೊಡುತ್ತೇವೆ ಅನ್ನುವ ಸಂಕೇತ. ಡೆವ್ಲಿನ್ ಸೇರಿ ನಾಲ್ವರಿಗೆ ಆಜೀವ ನಿಷೇಧ. ಅವರಲ್ಲಿ ಬಿಲ್ ಕ್ರೇವರ್ ವಿರುದ್ಧ ಪುರಾವೆಯೇ ಇರಲಿಲ್ಲ, ತನ್ನ ತಂತಿ ತೋರಿಸಲು ಒಪ್ಪಲಿಲ್ಲ ಅಷ್ಟೇ. ಕ್ಲಬ್ ಸಂಬಳ ಬಾಕಿ ಉಳಿಸಿಕೊಂಡಿತ್ತು ಅನ್ನುವುದನ್ನು ಮಾತ್ರ ಈ ಕಥೆ ಹೇಳುವವರು ಮೆಲ್ಲಗೆ ದಾಟಿಸಿಬಿಡುತ್ತಾರೆ.

ಈಗ ಆ ಪಟ್ಟಿ. 1879ರ ಸೆಪ್ಟೆಂಬರ್ 29, ಬಫಲೊದಲ್ಲಿ ನ್ಯಾಷನಲ್ ಲೀಗಿನ ಸಭೆ. ಪ್ರತಿ ಕ್ಲಬ್ಬೂ ಐದು ಹೆಸರು ಬರೆದುಕೊಡಬೇಕು. ಆ ಐವರನ್ನು ಬೇರೆ ಕ್ಲಬ್ ಸೇರಿಸಿಕೊಳ್ಳುವಂತಿಲ್ಲ, ಸೇರಿಸಿಕೊಂಡ ತಂಡದ ಜೊತೆ ಯಾರೂ ಆಡುವಂತಿಲ್ಲ. ಕರಾರು ಮುಗಿದರೂ ಆಟಗಾರ ಮಾತ್ರ ಬಿಡುಗಡೆಯಾಗುವುದಿಲ್ಲ. ಮೊದಮೊದಲು ಪಟ್ಟಿಯಲ್ಲಿರುವುದು ಗೌರವವೇ ಆಗಿತ್ತು, ಮುಂದಿನ ವರ್ಷದ ಕೆಲಸ ಖಾತ್ರಿ. 1883ರಲ್ಲಿ ಐದು ಹನ್ನೊಂದಾಯಿತು, ಅಂದರೆ ಹೆಚ್ಚುಕಡಿಮೆ ಇಡೀ ತಂಡ. ಆಗ ಆಟಗಾರರಿಗೆ ಇದು ಕಟ್ಟು ಅಂತ ಅರ್ಥವಾಯಿತು.

ಇದರಿಂದ ಸಂಬಳ ಹಿಡಿತಕ್ಕೆ ಬಂತು ಅನ್ನುವುದಷ್ಟೇ ಅಲ್ಲ, ಆಟಗಾರ ಮಾರಾಟದ ಸರಕಾದ. ಅಕ್ಟೋಬರ್‌ಗೆ ಕೈತಪ್ಪಿ ಹೋಗುವವನಿಗೆ ಯಾರೂ ಬೆಲೆ ಕಟ್ಟುವುದಿಲ್ಲ. ಎಂದೂ ಕೈತಪ್ಪದವನಿಗೆ ಕಟ್ಟುತ್ತಾರೆ. 1887ರಲ್ಲಿ ಷಿಕಾಗೊ ತನ್ನ ತಾರೆ ‘ಕಿಂಗ್’ ಕೆಲ್ಲಿಯನ್ನು ಬಾಸ್ಟನ್‌ಗೆ 10,000 ಡಾಲರ್‌ಗೆ ಮಾರಿತು. ಸಂಬಳದ ಮಿತಿ 2,000 ಅಂತ ಮಾಲೀಕರೇ ಗೆರೆ ಎಳೆದಿದ್ದರಲ್ಲ? ಬಾಸ್ಟನ್ ಅವನಿಗೆ 2,000 ಸಂಬಳ ಕೊಟ್ಟು, ಅವನ ಫೋಟೊ ಬಳಸಿಕೊಳ್ಳಲು ಅಂತ ಇನ್ನೂ 3,000 ಕೊಟ್ಟಿತು. ರಂಗೋಲಿ ಕೆಳಗೆ ನುಸುಳುವುದು ಅಂದರೆ ಇದೇ.

ಜಾನ್ ಮಾಂಟ್ಗೊಮೆರಿ ವಾರ್ಡ್ ನ್ಯೂಯಾರ್ಕ್ ತಂಡದ ಶಾರ್ಟ್‌ಸ್ಟಾಪ್, ಜೊತೆಗೆ ಕೊಲಂಬಿಯಾದ ಕಾನೂನು ಪದವೀಧರ. 1885ರಲ್ಲಿ ಆಟಗಾರರ ಸಂಘ ಕಟ್ಟಿದ, 1890ರಲ್ಲಿ ಪ್ಲೇಯರ್ಸ್ ಲೀಗ್ ಎಂಬ ಪ್ರತ್ಯೇಕ ಲೀಗನ್ನೇ. ಅವನನ್ನು ತಡೆಯಲು ಕ್ಲಬ್ ಕೋರ್ಟಿಗೆ ಹೋಯಿತು, ತಡೆಯಾಜ್ಞೆ ಸಿಗಲಿಲ್ಲ. ಕ್ಲಬ್ ಹತ್ತು ದಿನದ ನೋಟಿಸ್ ಕೊಟ್ಟು ಆಟಗಾರನನ್ನು ಕೈಬಿಡಬಹುದು, ಆಟಗಾರ ಮಾತ್ರ ಕೊನೆಯಿಲ್ಲದೆ ಕಟ್ಟುಬಿದ್ದಿರಬೇಕು. ಇದೆಂಥ ಸಮಾನ ಒಪ್ಪಂದ ಅನ್ನುವುದು ನ್ಯಾಯಾಧೀಶರ ನೋಟ. ಕೋರ್ಟಿನಲ್ಲಿ ಗೆದ್ದವರು ಬಂಡವಾಳದಲ್ಲಿ ಸೋತರು. ಆ ವರ್ಷ ಎಲ್ಲರಿಗೂ ನಷ್ಟವೇ. ಆದರೆ ಹೊಸ ಲೀಗಿಗೆ ಹಣ ಹಾಕಿದವರು ಮೊದಲು ಹೆದರಿ ಹಳೆ ಮಾಲೀಕರ ಜೊತೆ ರಾಜಿಗೆ ಕೂತರು. ಆ ಕೋಣೆಗೆ ಆಟಗಾರರ ಪ್ರತಿನಿಧಿಗಳನ್ನು ಬಿಟ್ಟುಕೊಳ್ಳಲೇ ಇಲ್ಲ.

ಇದೇ ಮಾಲೀಕರ ಇನ್ನೊಂದು ಒಪ್ಪಂದವೂ ಇತ್ತು. 1884ರಲ್ಲಿ ದೊಡ್ಡ ಲೀಗಿನಲ್ಲಿದ್ದ ಟೊಲೀಡೊ ತಂಡದ ಪರ ಫ್ಲೀಟ್‌ವುಡ್ ವಾಕರ್ ಎಂಬ ಕಪ್ಪು ಕ್ಯಾಚರ್ (ಬ್ಯಾಟರ್ ಹಿಂದೆ ಚೆಂಡು ಹಿಡಿಯುವವ) ಆಡಿದ್ದ. 1887ರ ಜುಲೈ 14ರಂದು ಕೆಳಹಂತದ ಇಂಟರ್‌ನ್ಯಾಷನಲ್ ಲೀಗ್ ಕಪ್ಪು ಆಟಗಾರರ ಜೊತೆ ಹೊಸ ಕರಾರು ಬೇಡ ಅಂತ ಮತ ಹಾಕಿತು. ದೊಡ್ಡ ಲೀಗುಗಳಲ್ಲಿ ಅಷ್ಟೂ ಆಗಲಿಲ್ಲ. ನಿಯಮ ಬರೆಯದೆ, ಮತ ಹಾಕದೆ, ಸುಮ್ಮನೆ ಯಾರೂ ಕರೆಯಲಿಲ್ಲ. 1947ರವರೆಗೂ. ವಾರ್ಡ್‌ಗೆ ನ್ಯಾಯಾಧೀಶರ ಮುಂದೆ ಇಡಲು ಒಂದು ಕರಾರು ಪತ್ರವಾದರೂ ಇತ್ತು.