ಒಂದೆರಡು ಕಡೆ ಮಳೆ, ಎಲ್ಲೆಡೆ ಭಾರಿ ಸುತ್ತೋಲೆ

ವಾರದ ಮುನ್ಸೂಚನೆ ಬಂದಿದೆ: ಕರಾವಳಿಯ ಬಹುತೇಕ ಕಡೆ, ಉತ್ತರ ಒಳನಾಡಿನ ಕೆಲವೆಡೆ, ದಕ್ಷಿಣ ಒಳನಾಡಿನ ಒಂದೆರಡು ಕಡೆ ಮಳೆಯಾಗುವ ಸಾಧ್ಯತೆ. ಗಟ್ಟಿಯಾಗಿ ಓದಿ ಮುಗಿಸಿದ್ದೇ ತಡ, ಒಳಗಿನಿಂದ ಪ್ರಶ್ನೆ ಬಂತು: "ಒಗೆದ ಬೆಡ್‌ಶೀಟು ಮಾಳಿಗೆ ಮೇಲೆ ಹರವಲೋ, ಫ್ಯಾನಿನ ಕೆಳಗೋ?"

ಉತ್ತರ ನನ್ನ ಬಳಿಯಿರಲಿಲ್ಲ. 1875ರಲ್ಲಿ ಹುಟ್ಟಿ, 2025ಕ್ಕೆ ನೂರೈವತ್ತು ತುಂಬಿದ ಹವಾಮಾನ ಇಲಾಖೆಯ ಬಳಿಯೂ ಇಲ್ಲ. ಮುನ್ಸೂಚನೆಗೆಂದು ಅವರು ತಂದ ಹೊಸ ಕಂಪ್ಯೂಟರ್ ಮಾದರಿ ದೇಶವನ್ನು ಆರಾರು ಕಿಲೋಮೀಟರಿನ ಚೌಕಗಳಾಗಿ ಸೀಳಿ ನೋಡುತ್ತದಂತೆ. ನಮ್ಮ ಬೆಡ್‌ಶೀಟು ಅದಕ್ಕಿಂತ ಸ್ವಲ್ಪ ಚಿಕ್ಕದು.

ಇಲಾಖೆಯನ್ನು ಬೈಯುವವರ ಸಾಲಿನಲ್ಲಿ ನಾನಿಲ್ಲ. 'ಒಂದೆರಡು ಕಡೆ' ಎಂಬುದು ಅವರ ಬಾಯಲ್ಲಿ ಜಾರಿಕೆಯ ಮಾತಲ್ಲ, ಪಕ್ಕಾ ಲೆಕ್ಕ. ಮಳೆ ಅಳೆಯುವ ಕೇಂದ್ರಗಳಲ್ಲಿ ಕಾಲು ಭಾಗದವರೆಗೆ ಮಳೆ ಬಿದ್ದರೆ 'ಒಂದೆರಡು ಕಡೆ', ಅರ್ಧದವರೆಗೆ ಹೋದರೆ 'ಕೆಲವೆಡೆ', ಮುಕ್ಕಾಲರವರೆಗೆ 'ಹಲವೆಡೆ', ಅದನ್ನೂ ದಾಟಿದರೆ 'ಬಹುತೇಕ ಕಡೆ'. ದಿನಕ್ಕೆ 64.5 ಮಿಲಿಮೀಟರಿನಿಂದ 115.5ರವರೆಗೆ 'ಭಾರಿ', 115.6 ಆಯಿತೋ 'ಅತಿ ಭಾರಿ'. ಇಷ್ಟು ನಿಯತ್ತಿನಿಂದ ಕೂದಲು ಸೀಳುವ ಇನ್ನೊಂದು ಸರ್ಕಾರಿ ಕಚೇರಿಯನ್ನು ನಾನಂತೂ ಕಂಡಿಲ್ಲ.

ತೊಂದರೆ ಶುರುವಾಗುವುದು ಆ ಕಾಗದ ಕಚೇರಿಯ ಬಾಗಿಲು ದಾಟಿದ ಮೇಲೆ. ಬೆಳಿಗ್ಗೆ 'ಒಂದೆರಡು ಕಡೆ' ಎಂದು ಹೊರಟ ಮಳೆ ಮಧ್ಯಾಹ್ನದ ವಾರ್ತೆಯಲ್ಲಿ 'ಹಲವು ಜಿಲ್ಲೆ'ಗಳಿಗೆ ಹಬ್ಬುತ್ತದೆ. ರಾತ್ರಿ ಒಂಬತ್ತರ ಹೊತ್ತಿಗೆ 'ಕರುನಾಡಿಗೆ ಜಲಗಂಡಾಂತರ'! ಹಿನ್ನೆಲೆಯಲ್ಲಿ ಢಮಢಮ. ಮೊಣಕಾಲುದ್ದ ನೀರು ಹುಡುಕಲು ಅರ್ಧ ದಿನ ಅಲೆದ ವರದಿಗಾರ ಕೊನೆಗೆ ಒಂದು ಗುಂಡಿಯಲ್ಲಿ ನಿಂತು ಕೂಗುತ್ತಿದ್ದಾನೆ. ಅವನ ಬೆನ್ನ ಹಿಂದೆ ಒಬ್ಬಾಕೆ ಚಪ್ಪಲಿಯನ್ನೂ ನೆನೆಸಿಕೊಳ್ಳದೆ ಸೊಪ್ಪಿನ ಕಟ್ಟು ಹಿಡಿದು ದಾಟಿಹೋಗುತ್ತಾಳೆ. ಅವಳನ್ನು ಮಾತ್ರ ಯಾರೂ ಸಂದರ್ಶಿಸುವುದಿಲ್ಲ.

ಇನ್ನು ಭೂಗೋಳ. ಇಲಾಖೆಯ ನಕ್ಷೆಯಲ್ಲಿ ಕರ್ನಾಟಕ ಮೂರೇ ತುಂಡು: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ಹೀಗಾಗಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿಸುವ ಆಗುಂಬೆಯೂ ಐನೂರನ್ನು ಮುಟ್ಟಲು ಏದುಸಿರು ಬಿಡುವ ಚಳ್ಳಕೆರೆಯೂ ಒಂದೇ 'ದಕ್ಷಿಣ ಒಳನಾಡು'. ಖಾನಾಪುರದ ಕಾಡಿನಂಚೂ ಅಥಣಿಯ ಬಯಲೂ ಒಂದೇ ಬೆಳಗಾವಿ ಜಿಲ್ಲೆ, ನಕ್ಷೆಯಲ್ಲಿ ಇಡೀ ಜಿಲ್ಲೆಗೆ ಒಂದೇ ಬಣ್ಣ. ದಕ್ಷಿಣ ಒಳನಾಡಿನಲ್ಲಿ ಮಳೆಯೆಂದು ಸುದ್ದಿ ಬಂದ ದಿನ ಚಳ್ಳಕೆರೆಯ ಶೇಂಗಾ ರೈತ ಮುಗಿಲು ನೋಡಿದ, ಪೇಪರು ನೋಡಿದ, ಮತ್ತೆ ಮುಗಿಲು ನೋಡಿದ. ಮಳೆಯೇನೋ ಅವನ ವಿಭಾಗದಲ್ಲೇ ಆಯಿತು. ಅವನ ಹೊಲ ಮಾತ್ರ ತಪ್ಪು ಜಾಗದಲ್ಲಿತ್ತು.

ಅಜ್ಜಂದಿರ ಪಂಚಾಂಗವೇನೂ ಇದಕ್ಕಿಂತ ಮೇಲಾಗಿರಲಿಲ್ಲ, ಬಿಡಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದರು. ಬಾರದಿದ್ದರೆ ಯಾರನ್ನು ಕೇಳಬೇಕು ಎನ್ನಲಿಲ್ಲ.

ಬಣ್ಣಗಳ ಕತೆಯೇ ಬೇರೆ. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಇದು ಇಲಾಖೆಯ ಅರ್ಥ. ನಮ್ಮಲ್ಲಿ ಹಳದಿ ಎಂದರೆ ವಾಟ್ಸಾಪಿನಲ್ಲಿ ಫಾರ್ವರ್ಡ್, ಕಿತ್ತಳೆ ಎಂದರೆ ವಿಡಿಯೋ ಕಾನ್ಫರೆನ್ಸ್, ಕೆಂಪು ಎಂದರೆ ಶಾಲೆಗೆ ರಜೆ. ಕೈಗೊಳ್ಳಬಹುದಾದ ಕ್ರಮಗಳಲ್ಲೆಲ್ಲ ರಜೆಯಷ್ಟು ಅಗ್ಗದ್ದು ಇನ್ನೊಂದಿಲ್ಲ. ಟೆಂಡರ್ ಬೇಡ, ಜೆಸಿಬಿ ಬೇಡ, ಒಂದು ಸಹಿ ಸಾಕು.

ಕರಾವಳಿಯ ಮಕ್ಕಳಿಗೆ ಗುಣಾಕಾರದ ಮಗ್ಗಿ ತಪ್ಪಬಹುದು, ಜಿಲ್ಲಾಧಿಕಾರಿಯ ಸಾಮಾಜಿಕ ಜಾಲತಾಣದ ಖಾತೆ ತಪ್ಪುವುದಿಲ್ಲ. ರಾತ್ರಿ ಹತ್ತಕ್ಕೆ ಬೇಡಿಕೆ ಶುರು: "ಸಾರ್, ನಮ್ಮ ಮನೆ ಅಂಗಳದಲ್ಲಿ ಪ್ರವಾಹ." ಆದೇಶ ಬೇಗ ಬಂದರೆ ಮರುದಿನ ಬಿಸಿಲು ಕಾದು ಮಕ್ಕಳೆಲ್ಲ ಗದ್ದೆಯಲ್ಲಿ ಕ್ರಿಕೆಟ್. ತಡವಾಗಿ ಬಂದರೆ ಶಾಲಾ ವಾಹನ ಅರ್ಧ ಮಕ್ಕಳನ್ನು ಹತ್ತಿಸಿಕೊಂಡು ಇನ್ನರ್ಧದ ಮನೆ ಮುಂದೆ ಹಾರನ್ ಹೊಡೆಯುತ್ತಿರುತ್ತದೆ. ಈ ರಜೆಯನ್ನು ಸರಿದೂಗಿಸಲು ಒಂದು ಶನಿವಾರ ಮಧ್ಯಾಹ್ನ ಹೆಚ್ಚುವರಿ ಪಾಠ. ಆಕಾಶ ಕಳಚಿ ಬೀಳುವುದು ಆ ಶನಿವಾರ.

ಮೀನುಗಾರರಿಗಂತೂ ಎಚ್ಚರಿಕೆ ತಪ್ಪಿದ್ದೇ ಇಲ್ಲ: ಕಡಲಿಗೆ ಇಳಿಯಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಸರ್ಕಾರವೇ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಹೇರಿ, ದೋಣಿಗಳೆಲ್ಲ ಮಲ್ಪೆಯಲ್ಲಿ ಸಾಲಾಗಿ ಕಟ್ಟಿಹಾಕಿಕೊಂಡಿರುವಾಗಲೂ ಟಿವಿ ಅವರನ್ನು ತಡೆಯುತ್ತಲೇ ಇರುತ್ತದೆ. ನಾಡದೋಣಿಯವನು ಆ ದಿನಗಳಲ್ಲೂ ಇಳಿಯುತ್ತಾನೆ. ಅವನು ನೋಡುವುದು ಗಾಳಿಯನ್ನು, ಅಲೆಯ ಬಣ್ಣವನ್ನು, ಆಮೇಲೆ ಮೊಬೈಲನ್ನು. ಇಡೀ ರಾಜ್ಯದಲ್ಲಿ ಮುನ್ಸೂಚನೆಯನ್ನು ಮುನ್ಸೂಚನೆಯಂತೆ ಓದುವವನು ಅವನೊಬ್ಬನೇ ಇರಬೇಕು. ಉಳಿದವರೆಲ್ಲ ಓದುವುದು ಸಾಕ್ಷಿಪತ್ರದಂತೆ.

ಹೌದು, ಸಾಕ್ಷಿಪತ್ರ. ಅಲರ್ಟ್ ಇಳಿದು ಬರುವ ದಾರಿ ನೋಡಿ. ಹವಾಮಾನದವರು ಜಿಲ್ಲೆಗೆ ತಿಳಿಸಿದರು. ಅವರ ಜವಾಬ್ದಾರಿ ಮುಗಿಯಿತು. ಜಿಲ್ಲೆ ತಾಲೂಕಿಗೆ ಸುತ್ತೋಲೆ ಕಳಿಸಿತು, ಮುಗಿಯಿತು. ತಾಲೂಕು ನಗರಸಭೆಗೆ, ನಗರಸಭೆ ವಾರ್ಡಿಗೆ, ವಾರ್ಡಿನವರು ವಾಟ್ಸಾಪ್ ಗುಂಪಿಗೆ: "ಸಾರ್ವಜನಿಕರು ತಗ್ಗು ಪ್ರದೇಶದಿಂದ ಸುರಕ್ಷಿತ ಸ್ಥಳಕ್ಕೆ ತೆರಳಬೇಕು." ಮೇಲಿನಿಂದ ಕೆಳಗಿನವರೆಗೆ ಎಲ್ಲರೂ 'ಹೇಳಿದ್ದೆವಲ್ಲ' ಎಂಬ ಕೊಡೆಯಡಿ ಬೆಚ್ಚಗೆ ನಿಂತರು. ಮನೆಯೇ ತಗ್ಗಿನಲ್ಲಿರುವ ಸಾರ್ವಜನಿಕ ಮಾತ್ರ ಕೊಡೆಯ ಹೊರಗೆ. ಅವನು ಯಾರಿಗೆ ಫಾರ್ವರ್ಡ್ ಮಾಡಬೇಕು? ಕಟ್ಟಕಡೆಗೆ ಉಳಿಯುವುದು ಚರಂಡಿ. ಅದಕ್ಕೆ ವಾಟ್ಸಾಪಿಲ್ಲ.

ನಮ್ಮ ಬೀದಿಯ ಚರಂಡಿಯ ವಿಷಯದಲ್ಲಿ ಸುಳ್ಳು ಹೇಳಬಾರದು, ಮಳೆಗೆ ಮುಂಚೆ ಹೂಳೆತ್ತಿದರು. ಎತ್ತಿದ ಹೂಳನ್ನು ನೀಟಾಗಿ ಚರಂಡಿಯ ಅಂಚಿನಲ್ಲೇ ಗುಡ್ಡೆ ಹಾಕಿ, ಎದುರು ನಿಂತು, ಮೂರು ಕೋನದಿಂದ ಫೋಟೋ ತೆಗೆದುಕೊಂಡು ಹೋದರು. ಕಳೆದ ಸೋಮವಾರ ಸಂಜೆ ಮುಕ್ಕಾಲು ಗಂಟೆ ಮಳೆ. ಗುಡ್ಡೆ ಮೆಲ್ಲಗೆ ಜಾರಿ ತವರಿಗೆ ಸೇರಿತು, ನೀರು ನಮ್ಮ ಗೇಟಿಗೆ ಬಂತು. ದಾಖಲೆಯಲ್ಲಿ ಅದು ಸೋಮವಾರದ ಮಳೆಯೂ ಅಲ್ಲ: ಇಲಾಖೆಯ ಲೆಕ್ಕದ 'ಮಳೆಯ ದಿನ' ಮರುದಿನ ಬೆಳಿಗ್ಗೆ 8.30ಕ್ಕೆ ಮುಗಿಯುವುದರಿಂದ ಅದು ಮಂಗಳವಾರದ ಖಾತೆಗೆ ಜಮಾ. ಮಂಗಳವಾರ ಹಳದಿ ಅಲರ್ಟ್ ಇತ್ತು. ವಾರ್ಡಿನ ಗುಂಪಿನಲ್ಲಿ ಅದರ ಚಿತ್ರವನ್ನು ಮತ್ತೆ ಹಾಕಿ ಯಾರೋ ಬರೆದರು: "ಮೊದಲೇ ತಿಳಿಸಲಾಗಿತ್ತು."

ಕೆಳಗೆ ನಲವತ್ತೆರಡು ಹೆಬ್ಬೆಟ್ಟು. ಬೆಡ್‌ಶೀಟು ಇನ್ನೂ ಫ್ಯಾನಿನ ಕೆಳಗಿದೆ.